ಕೊಟ್ಟ ಸಹಾಯವನ್ನು ಹಿಂದಕ್ಕೆ ತೆಗೆಯುವುದು ಹೇಗೆ?

(ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಗುವಿಗೆ ಸಹಾಯ ಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎಬ್ಬಿಸಿ, ಹಲ್ಲುಜ್ಜಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸಿ ಹೊರಡಿಸುವಷ್ಟರಲ್ಲಿ ನೀವು ಹತ್ತಾರು ಸಹಾಯ ಮಾಡಿ ಮುಗಿಸಿರುತ್ತೀರಿ. ಅದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಆದರೆ ಆ ಸಹಾಯವನ್ನು ಯಾವ ಕ್ರಮದಲ್ಲಿ, ಯಾವ ಅಳತೆಯಲ್ಲಿ ಹಿಂದಕ್ಕೆ ತೆಗೆಯಬೇಕು ಎಂಬುದನ್ನು ಯಾರೂ ಕೂರಿಸಿ ಹೇಳುವುದಿಲ್ಲ. ಥೆರಪಿ ಸೆಂಟರಿನಲ್ಲಿ ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಸಿಕ್ಕರೆ ಅದೇ ದೊಡ್ಡದು. ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆ. ಇವತ್ತಿನ ಮಾತು ಆ ಉಳಿದ ಹೊತ್ತಿನ ಬಗ್ಗೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಮನೆಯನ್ನು ಎರಡನೇ ಶಾಲೆ ಮಾಡಬೇಡಿ. ಸಂಜೆ ಆರರಿಂದ ಎಂಟರವರೆಗೆ ಸ್ಲೇಟು ಹಿಡಿಸಿ ‘ಅ’ ತಿದ್ದಿಸುವುದು, ಮಗು ಎದ್ದು ಓಡುವುದು, ಮತ್ತೆ ಎಳೆದು ಕೂರಿಸುವುದು, ಇಬ್ಬರೂ ಅಳುವುದು. ಇದರಿಂದ ಅಕ್ಷರವೂ ಬರುವುದಿಲ್ಲ, ಸ್ಲೇಟು ಕಂಡರೆ ಮಗು ಮಂಚದ ಕೆಳಗೆ ಸೇರಿಕೊಳ್ಳುವುದೊಂದು ಅಭ್ಯಾಸವಾಗುತ್ತದೆ. ಹತ್ತು ಹದಿನೈದು ನಿಮಿಷದ ಪಾಠ, ಅದೂ ಆ ಕೆಲಸ ನಿಜಕ್ಕೂ ಮಾಡಬೇಕಾದ ಹೊತ್ತಿನಲ್ಲಿ, ಇಷ್ಟು ಸಾಕು. ಬಟ್ಟೆ ಹಾಕಿಕೊಳ್ಳುವುದನ್ನು ಸ್ನಾನವಾದ ಮೇಲೆ ಕಲಿಸಬೇಕು, ಮಧ್ಯಾಹ್ನ ಮೂರು ಗಂಟೆಗೆ ಬಿಚ್ಚಿಸಿ ಹಾಕಿಸಿ ಅಲ್ಲ.

ಏನನ್ನು ಕಲಿಸಬೇಕು ಎಂದು ತೀರ್ಮಾನಿಸಲು ಸುಲಭದ ದಾರಿ ಇದೆ. ಒಂದು ದಿನ ಪೂರ್ತಿ, ಮಗುವಿಗಾಗಿ ನೀವು ಮಾಡಿಕೊಟ್ಟ ಕೆಲಸಗಳನ್ನೆಲ್ಲ ಬರೆದಿಡಿ. ನೀರು ಕುಡಿಸಿದ್ದು, ಚಪ್ಪಲಿ ಹಾಕಿದ್ದು, ಮೂಗು ಒರೆಸಿದ್ದು, ಎಲ್ಲವೂ. ರಾತ್ರಿ ಪಟ್ಟಿ ನೋಡಿ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ದಿನಕ್ಕೆ ಎಷ್ಟು ಸಲ ಬರುತ್ತದೆ? ಇವನಿಗೆ ಇಪ್ಪತ್ತು ವರ್ಷವಾದಾಗಲೂ ಇದನ್ನು ಯಾರಾದರೂ ಮಾಡಿಕೊಡಬೇಕಾಗುತ್ತದೆಯೇ? ಮೊದಲನೆಯದಕ್ಕೆ ‘ಬಹಳ ಸಲ’, ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬರುವ ಕೆಲಸಗಳೇ ಮೊದಲ ಪಾಠ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಒಂದು ಮೈಕೈಯ ಕೆಲಸ, ಒಂದು ಕೇಳುವ ಹೇಳುವ ವಿಷಯ, ಇನ್ನೊಂದು ಶಾಲೆಯದೋ ಆಟದ್ದೋ. ಹತ್ತನ್ನು ಒಟ್ಟಿಗೆ ಹಿಡಿದವರು ತಿಂಗಳೊಳಗೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ಚಡ್ಡಿ ಹಾಕಿಕೊಳ್ಳುವುದು

ಎಲಾಸ್ಟಿಕ್ ಚಡ್ಡಿಯನ್ನೇ ತೆಗೆದುಕೊಳ್ಳೋಣ. ನಮಗೆ ಅದು ಒಂದೇ ಕೆಲಸ. ಬಿಡಿಸಿ ನೋಡಿದರೆ: ಚಡ್ಡಿಯ ಮುಂಭಾಗ ಯಾವುದು ಎಂದು ಗುರುತಿಸಬೇಕು, ಎರಡೂ ಕೈಯಲ್ಲಿ ಸೊಂಟದ ಪಟ್ಟಿ ಹಿಡಿಯಬೇಕು, ಒಂದು ಕಾಲು ತೂರಿಸಬೇಕು, ಇನ್ನೊಂದು ಕಾಲು ತೂರಿಸಬೇಕು, ಮಂಡಿಯವರೆಗೆ ಎಳೆಯಬೇಕು, ಎದ್ದು ನಿಲ್ಲಬೇಕು, ತೊಡೆಯ ಮೇಲಕ್ಕೆ ಎಳೆಯಬೇಕು, ಕೊನೆಗೆ ಹಿಂದೆ ಮುಂದೆ ಸರಿಯಾಗಿ ಸೊಂಟಕ್ಕೆ ಕೂರಿಸಬೇಕು. ಎಂಟು ಹೆಜ್ಜೆ.

ನಾವು ಸಾಮಾನ್ಯವಾಗಿ ಮೊದಲ ಹೆಜ್ಜೆಯಿಂದ ಕಲಿಸಲು ಹೊರಡುತ್ತೇವೆ. ಅದು ಎಂಟರಲ್ಲೂ ಕಷ್ಟದ್ದು. ಮಗು ಅಲ್ಲೇ ಸೋಲುತ್ತದೆ, ನಮಗೆ ಶಾಲೆಗೆ ಹೊತ್ತಾಗಿರುತ್ತದೆ, ಸಿಟ್ಟಿನಲ್ಲಿ ಉಳಿದ ಏಳನ್ನೂ ನಾವೇ ಮುಗಿಸುತ್ತೇವೆ. ಆದ್ದರಿಂದ ಹಿಂದಿನಿಂದ ಶುರು ಮಾಡಿ. ಏಳು ಹೆಜ್ಜೆ ನೀವು ಮಾಡಿ, ಚಡ್ಡಿ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗಿರುವಾಗ ನಿಲ್ಲಿಸಿ, ಕೊನೆಯ ಎಳೆತವನ್ನು ಮಗುವಿಗೆ ಬಿಡಿ. ಎಳೆದ ತಕ್ಷಣ ಕೆಲಸ ಮುಗಿಯಿತು, ಹೊಗಳಿಕೆ ಸಿಕ್ಕಿತು, ಹೊರಗೆ ಹೋಗಬಹುದು. ‘ಮುಗಿಸಿದೆ’ ಎಂಬ ಖುಷಿ ಮೊದಲ ದಿನವೇ ಸಿಗುತ್ತದೆ. ನಾಲ್ಕೈದು ದಿನ ಸತತವಾಗಿ ತಾನೇ ಎಳೆದರೆ, ತೊಡೆಯಿಂದ ಮೇಲಕ್ಕೆ ಎಳೆಯುವುದನ್ನೂ ಅವನಿಗೇ ಬಿಡಿ. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಕೆಲವು ಮಕ್ಕಳಿಗೆ ಮೂರು ವಾರ ಸಾಕು, ಕೆಲವರಿಗೆ ಆರು ತಿಂಗಳು ಬೇಕು. ಕ್ರಮ ಮಾತ್ರ ಇಬ್ಬರಿಗೂ ಒಂದೇ.

ಬಟ್ಟೆಯನ್ನೂ ಸ್ವಲ್ಪ ಬದಲಿಸಿಕೊಳ್ಳಿ. ಕಲಿಯುವ ಕಾಲಕ್ಕೆ ಒಂದು ಸೈಜ್ ದೊಡ್ಡದು, ಸಡಿಲ ಎಲಾಸ್ಟಿಕ್‌ನದು ಇರಲಿ. ಹಿಂಭಾಗದ ಪಟ್ಟಿಯ ಒಳಗಡೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದರೆ ಹಿಂದೆ ಮುಂದೆ ಗುರುತು ಸಿಗುತ್ತದೆ. ನಿಂತು ಒಂದು ಕಾಲೆತ್ತುವುದು ಅನೇಕ ಮಕ್ಕಳಿಗೆ ಆಗುವುದಿಲ್ಲ. ಎರಡೂ ಪಾದ ನೆಲಕ್ಕೆ ತಾಗುವಷ್ಟು ಕುಳ್ಳನೆಯ ಸ್ಟೂಲಿನ ಮೇಲೆ ಕೂರಿಸಿ, ಬೆನ್ನು ಗೋಡೆಗೆ ತಾಗಿರಲಿ. ದೇಹದ ಒಂದು ಬದಿ ಬಿಗಿಯಾಗಿರುವ ಮಗುವಿಗೆ ಹಾಕುವಾಗ ಬಿಗಿ ಇರುವ ಕೈ ಅಥವಾ ಕಾಲು ಮೊದಲು, ತೆಗೆಯುವಾಗ ಅದು ಕೊನೆಗೆ. ಇಷ್ಟು ನೆನಪಿಟ್ಟರೆ ಶರ್ಟಿನ ತೋಳಿನೊಂದಿಗೆ ನಡೆಯುವ ಗುದ್ದಾಟ ಅರ್ಧ ಕಡಿಮೆಯಾಗುತ್ತದೆ.

ಮಾತು ಸಣ್ಣ ಸಹಾಯವಲ್ಲ

ಈಗ ಸಹಾಯದ ಅಳತೆಗೆ ಬರೋಣ. ಕೈ ಹಿಡಿದು ಮಾಡಿಸುವುದು ದೊಡ್ಡ ಸಹಾಯ, ಬಾಯಲ್ಲಿ ಹೇಳುವುದು ಸಣ್ಣದು ಎಂದು ಎಲ್ಲರೂ ತಿಳಿದಿರುತ್ತೇವೆ. ಹಿಂದಕ್ಕೆ ತೆಗೆಯುವ ವಿಷಯಕ್ಕೆ ಬಂದರೆ ಇದು ತಿರುಗುಮುರುಗು. ಕೈಯ ಸಹಾಯವನ್ನು ಸುಲಭವಾಗಿ ಕರಗಿಸಬಹುದು: ಮೊದಲು ಮಗುವಿನ ಕೈ ಮೇಲೆ ನಿಮ್ಮ ಕೈ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಹೆಗಲಿಗೆ ಬೆರಳ ತುದಿ, ಕೊನೆಗೆ ತಾಗದೆ ಎರಡು ಇಂಚು ದೂರದಲ್ಲಿ ಕೈ. ಮಾತಿಗೆ ಇಂಥ ಮೆಟ್ಟಿಲುಗಳಿಲ್ಲ. ‘ಎಳಿ... ಎಳಿ... ಹ್ಞೂ, ಇನ್ನೂ ಎಳಿ’ ಎಂದು ಪ್ರತಿ ಹೆಜ್ಜೆಗೂ ಹೇಳಿಸಿಕೊಂಡ ಮಗು ಒಂದು ಹೆಜ್ಜೆ ಮಾಡಿ ನಿಂತು ನಿಮ್ಮ ಮುಖ ನೋಡುತ್ತದೆ. ಮುಂದಿನ ಮಾತು ಬಂದರಷ್ಟೇ ಮುಂದಿನ ಹೆಜ್ಜೆ. ಹದಿನೆಂಟು ವರ್ಷದ ಹುಡುಗ ಮೈಗೆ ಸೋಪು ಹಚ್ಚಿಕೊಂಡು, ‘ನೀರು ಹಾಕ್ಕೋ’ ಎಂದು ಅಮ್ಮ ಹೊರಗಿನಿಂದ ಕೂಗುವವರೆಗೆ ಹಾಗೇ ನಿಂತಿರುವುದು ಇದರ ಫಲ. ಅವನಿಗೆ ಸ್ನಾನ ಬರುತ್ತದೆ. ಅಮ್ಮನ ದನಿಯೂ ಸ್ನಾನದ ಒಂದು ಹೆಜ್ಜೆಯಾಗಿ ಸೇರಿಹೋಗಿದೆ.

ಹಾಗಾಗಿ ಕೆಲಸ ಕಲಿಸುವಾಗ ಎದುರಿಗೆ ಕೂರಬೇಡಿ, ಹಿಂದೆ ನಿಲ್ಲಿ. ‘ಚಡ್ಡಿ ಹಾಕ್ಕೋ’ ಎಂದು ಒಂದೇ ಸಲ ಹೇಳಿ. ಮನಸ್ಸಿನಲ್ಲಿ ಐದರವರೆಗೆ ನಿಧಾನವಾಗಿ ಎಣಿಸಿ. ಮಗು ತಾನೇ ಶುರು ಮಾಡಿದರೆ ಸುಮ್ಮನಿರಿ. ಮಾಡದಿದ್ದರೆ ಮಾತಿಲ್ಲದೆ, ಹಿಂದಿನಿಂದ, ಅವತ್ತಿನ ಅಳತೆಯ ಕೈ ಸಹಾಯ ಕೊಡಿ. ಐದು ಎಣಿಸುವುದು ಕೇಳಲು ಸುಲಭ; ಮಾಡಿ ನೋಡಿ, ಎರಡಕ್ಕೇ ಬಾಯಿ ತೆರೆದುಕೊಳ್ಳುತ್ತದೆ. ಮುಟ್ಟಿದರೆ ಕಿರುಚುವ ಮಕ್ಕಳಿರುತ್ತಾರೆ. ಅವರಿಗೆ ಮಾಡಿ ತೋರಿಸುವುದು, ಅಥವಾ ಹೆಜ್ಜೆಗಳ ಫೋಟೋ ಗೋಡೆಗೆ ಅಂಟಿಸಿ ಬೆರಳು ತೋರಿಸುವುದು ಕೆಲಸಕ್ಕೆ ಬರುತ್ತದೆ. ಫೋಟೋಗೆ ಒಂದು ಅನುಕೂಲವಿದೆ: ನೀವು ಮನೆಯಲ್ಲಿ ಇಲ್ಲದಾಗಲೂ ಅದು ಅಲ್ಲೇ ಇರುತ್ತದೆ.

ಮನೆಯವರೆಲ್ಲ ಒಂದೇ ಅಳತೆ ಇಟ್ಟುಕೊಳ್ಳಬೇಕು. ಅಮ್ಮ ಬೆಳಿಗ್ಗೆ ಮೊಣಕೈಗೆ ಇಳಿಸಿದ ಸಹಾಯವನ್ನು ಅಜ್ಜಿ ಸಂಜೆ ಪೂರ್ತಿ ತಾನೇ ಮಾಡಿಕೊಟ್ಟರೆ, ಕಾದರೆ ಯಾರಾದರೂ ಮಾಡುತ್ತಾರೆ ಎಂದು ಮಗು ಸರಿಯಾಗಿಯೇ ಲೆಕ್ಕ ಹಾಕುತ್ತದೆ. ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಎನ್ನುವ ಅಜ್ಜಿಯ ಜೊತೆ ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ‘ಚಡ್ಡಿ: ಸೊಂಟಕ್ಕೆ ಎಳೆಯುವುದು ಅವನೇ. ಊಟ: ತಟ್ಟೆಯಿಂದ ಬಾಯಿಗೆ ಅವನೇ, ಕಲಸಿಕೊಡುವುದು ನಾವು.’ ಹಾಗೆಯೇ ಅಜ್ಜಿಗೆ ಅವರದೇ ಒಂದು ಪಾಠ ವಹಿಸಿ. ಬಟಾಣಿ ಬಿಡಿಸುವುದು, ಸೊಪ್ಪು ಸೋಸುವುದು ಬೆರಳಿಗೆ ಒಳ್ಳೆಯ ಕೆಲಸ. ಅದನ್ನು ಕಲಿಸುವ ತಾಳ್ಮೆ ಮನೆಯಲ್ಲಿ ಅವರಿಗೇ ಹೆಚ್ಚು.

ಶೌಚದ ವಿಷಯ

ಎಲ್ಲರೂ ಕೇಳಬೇಕೆಂದಿರುವ, ಆದರೆ ಸಭೆಯಲ್ಲಿ ಕೇಳಲು ಮುಜುಗರಪಡುವ ವಿಷಯ. ಮೊದಲು ಐದು ದಿನ ಏನೂ ಕಲಿಸಬೇಡಿ, ಬರೆದಿಡಿ ಅಷ್ಟೇ. ಡೈಪರ್ ಬಿಟ್ಟು ಹತ್ತಿಯ ಚಡ್ಡಿ ಹಾಕಿ. ಡೈಪರ್‌ನಲ್ಲಿ ಒದ್ದೆಯಾದದ್ದು ಮಗುವಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಎಚ್ಚರವಿರುವಾಗ ಪ್ರತಿ ಅರ್ಧ ಗಂಟೆಗೆ ಮುಟ್ಟಿ ನೋಡಿ, ಒಣಗಿದೆಯೋ ಒದ್ದೆಯೋ, ಯಾವಾಗ ಏನು ಕುಡಿದ, ಮಲವಿಸರ್ಜನೆ ಎಷ್ಟು ಹೊತ್ತಿಗೆ ಎಂದು ಗುರುತು ಹಾಕಿ. ಒಂದರಿಂದ ಒಂದೂವರೆ ಗಂಟೆಯಾದರೂ ಒಣಗಿರುತ್ತಾನೆ ಎಂದು ಕಂಡರೆ ಶುರು ಮಾಡಬಹುದು. ಅರ್ಧ ಗಂಟೆಗೊಮ್ಮೆ ಒದ್ದೆಯೇ ಆಗುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ತೋರಿಸಿ.

ಪಟ್ಟಿಯಲ್ಲಿ ಒದ್ದೆಯಾಗುವ ಹೊತ್ತು ಯಾವುದೋ ಅದಕ್ಕೆ ಹತ್ತು ನಿಮಿಷ ಮೊದಲು ಕರೆದುಕೊಂಡು ಹೋಗಿ. ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಮೂತ್ರವೋ ಮಲವೋ ಆದರೆ ಆ ಕ್ಷಣವೇ, ಅಲ್ಲೇ, ಅವನಿಗೆ ಇಷ್ಟವಾದದ್ದು ಸಿಗಬೇಕು. ಆಗದಿದ್ದರೆ ಬೈಯದೆ ಎಬ್ಬಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಚಡ್ಡಿಯಲ್ಲಿ ಆಗಿಹೋದರೆ ಹೆಚ್ಚು ಮಾತಿಲ್ಲದೆ, ಒದ್ದೆ ಚಡ್ಡಿ ತೆಗೆಯುವುದು ಒರೆಸುವುದರಲ್ಲಿ ಅವನನ್ನೂ ಸೇರಿಸಿಕೊಂಡು ಮುಗಿಸಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ಹೊತ್ತುಕೊಂಡು ಹೋಗುವುದು. ಚಡ್ಡಿ ಒಣಗಿರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಮೂತ್ರಕೋಶ ತುಂಬಿದಾಗ ಹೇಗನಿಸುತ್ತದೆ ಎಂಬುದು ಮಗುವಿಗೆ ಗೊತ್ತಾಗುವ ಅವಕಾಶವೇ ಬರುವುದಿಲ್ಲ. ಅಲ್ಲಿ ಕಲಿತದ್ದು ತಾಯಿ, ಮಗುವಲ್ಲ. ಎರಡು ವಾರ ಚೆನ್ನಾಗಿ ನಡೆದ ಮೇಲೆ ಕರೆದೊಯ್ಯುವ ಅಂತರವನ್ನು ಹತ್ತು ಹದಿನೈದು ನಿಮಿಷದಂತೆ ಹಿಗ್ಗಿಸುತ್ತಾ ಬನ್ನಿ. ಹೋಗುವ ಮುಂಚೆ ಪ್ರತಿ ಸಲವೂ ಒಂದೇ ಸನ್ನೆ ಅಥವಾ ಒಂದೇ ಚಿತ್ರ ಬಳಸಿ. ಮುಂದೆ ಅವನು ನಿಮ್ಮನ್ನು ಕರೆಯುವುದಕ್ಕೆ ಅದೇ ಬೇಕಾಗುತ್ತದೆ.

ಮಲಬದ್ಧತೆ ಇದ್ದರೆ ಅದು ಗುಣವಾಗುವವರೆಗೆ ಈ ಪಾಠ ಮುಂದೆ ಹೋಗುವುದಿಲ್ಲ. ಗಟ್ಟಿ ಮಲ ಒಳಗೆ ಕಟ್ಟಿಕೊಂಡಾಗ ಅದರ ಸುತ್ತಲಿಂದ ತೆಳ್ಳಗಿನ ಮಲ ಸೋರುತ್ತದೆ. ಭೇದಿ ಎಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಕಾಲು ಬಿಗಿ ಇರುವ ಮಗುವಿಗೆ ನಮ್ಮ ನೆಲದ ಕಕ್ಕಸಿನಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ; ನಡುವೆ ತೂತು ಮಾಡಿದ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ಪಾದದ ಕೆಳಗೆ ಆಸರೆ ಇದ್ದರೆ ಸಾಕು. ಪಾದ ಗಾಳಿಯಲ್ಲಿ ತೂಗಾಡುತ್ತಿದ್ದರೆ ಬೀಳುವ ಭಯಕ್ಕೇ ಮೈ ಬಿಗಿಯುತ್ತದೆ.

ಊಟದ ಬಗ್ಗೆ ಎರಡು ಮಾತು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಯವರಿಗೆ. ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಹಾಕುವ ಪದ್ಧತಿ ಇವತ್ತೇ ನಿಲ್ಲಲಿ. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಎಷ್ಟೋ ಮಕ್ಕಳಿಗೆ ತೆಳು ನೀರಿಗಿಂತ ಮಂದ ರಾಗಿ ಅಂಬಲಿ ನುಂಗುವುದು ಸುಲಭ. ಊಟದ ನಡುವೆ ಪದೇ ಪದೇ ಕೆಮ್ಮು, ಊಟವಾದ ಮೇಲೆ ಗಂಟಲಲ್ಲಿ ಗೊರಗೊರ, ತಿಂಗಳಿಗೊಮ್ಮೆ ಎದೆ ಕಟ್ಟುವುದು, ಇವು ಕಂಡರೆ ಶೀತವೆಂದು ಬಿಡಬೇಡಿ. ಆಹಾರ ಶ್ವಾಸನಾಳಕ್ಕೆ ಹೋಗುತ್ತಿರಬಹುದು.

ಕೇಳುವುದನ್ನು ಕಲಿಸುವುದು

ಬಾಯಿ ತೆರೆಯುವ ಮೊದಲೇ ಎಲ್ಲ ಸಿಕ್ಕಿಬಿಟ್ಟರೆ ಕೇಳುವ ಅಗತ್ಯ ಎಲ್ಲಿಂದ ಬರಬೇಕು? ತಾಯಿ ಮಗುವಿನ ಮುಖ ನೋಡಿಯೇ ಹಸಿವೋ ನಿದ್ದೆಯೋ ಹೇಳುತ್ತಾಳೆ. ಆ ಜಾಣತನವನ್ನು ದಿನಕ್ಕೆ ಹತ್ತು ಸಲ ಬೇಕೆಂದೇ ಮರೆಯಬೇಕು. ಇಷ್ಟದ ಚಕ್ಕುಲಿಯನ್ನು ಗಟ್ಟಿ ಮುಚ್ಚಳದ, ಒಳಗಿರುವುದು ಕಾಣುವ ಡಬ್ಬದಲ್ಲಿಡಿ. ಕೈಗೆ ಡಬ್ಬ ಕೊಟ್ಟು ಸುಮ್ಮನಿರಿ. ತೆರೆಯಲಾಗದೆ ನಿಮ್ಮ ಕೈಗೆ ಡಬ್ಬ ತಂದಿಟ್ಟರೆ ಅದೇ ‘ತೆಗೆದುಕೊಡು’ ಎಂಬ ಮಾತು. ತಕ್ಷಣ ಕೊಡಿ. ಪೂರ್ತಿ ಚಕ್ಕುಲಿ ಬೇಡ, ಒಂದು ಚೂರು. ಮತ್ತೆ ಕೇಳಲು ಅವಕಾಶ ಉಳಿಯಬೇಕಲ್ಲ.

ಮಾತಿಲ್ಲದ ಮಗುವಿಗೆ ಚಿತ್ರದಿಂದ ಶುರು ಮಾಡುವುದಾದರೆ ಮೊದಲ ಕೆಲವು ದಿನ ಇಬ್ಬರು ದೊಡ್ಡವರು ಬೇಕು. ಬಿಸ್ಕತ್ತಿನ ಪೊಟ್ಟಣದ ಹೊದಿಕೆಯನ್ನೇ ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಕಾರ್ಡ್ ಆಯಿತು. ಒಬ್ಬರು ಎದುರಿಗೆ ಬಿಸ್ಕತ್ತು ಹಿಡಿದು ಕೂರಲಿ. ಇನ್ನೊಬ್ಬರು ಹಿಂದೆ. ಮಗು ಬಿಸ್ಕತ್ತಿಗೆ ಕೈ ಚಾಚಿದಾಗ ಹಿಂದಿನವರು ಆ ಕೈಯಿಂದಲೇ ಕಾರ್ಡ್ ಎತ್ತಿಸಿ ಎದುರಿನವರ ಅಂಗೈಗೆ ಇಡಿಸಬೇಕು. ಎದುರಿನವರು ‘ಬಿಸ್ಕತ್ತು!’ ಎಂದು ಕೊಟ್ಟುಬಿಡಬೇಕು. ಹಿಂದಿನವರು ಒಂದು ಮಾತನ್ನೂ ಆಡಬಾರದು. ‘ಏನು ಬೇಕು? ಕಾರ್ಡ್ ಕೊಡು’ ಎಂದು ಎದುರಿನವರೂ ಕೇಳಬಾರದು. ಕೇಳಿದರೆ, ಯಾರಾದರೂ ಪ್ರಶ್ನೆ ಹಾಕಿದಾಗ ಮಾತ್ರ ಕಾರ್ಡ್ ಕೊಡುವ ಅಭ್ಯಾಸವಾಗುತ್ತದೆ. ಚಿತ್ರ ಅಥವಾ ಸನ್ನೆ ಕಲಿಸಿದರೆ ಮಾತು ಬರುವುದೇ ಇಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಮಾತು ಬರುವ ಮಕ್ಕಳಿಗೆ ಅದು ದಾರಿಯಾಗುತ್ತದೆ, ಬಾರದವರಿಗೆ ಅದೇ ಮಾತಾಗುತ್ತದೆ.

ಇನ್ನೊಂದು ಸಲಹೆ ಅನೇಕ ಮನೆಗಳನ್ನು ಕೆಡಿಸಿದೆ: ‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ.’ ತುಳುವೋ ಉರ್ದುವೋ ಕನ್ನಡವೋ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದೇ ಅಧ್ಯಯನಗಳು ಹೇಳುತ್ತಿವೆ. ಹರಕು ಇಂಗ್ಲಿಷಿನಲ್ಲಿ ‘ಕಮ್’, ‘ಸಿಟ್’, ‘ನೋ’ ಮಾತ್ರ ಕೇಳುತ್ತಾ ಬೆಳೆದ ಮಗುವಿಗೆ, ಅಜ್ಜಿ ಅಡುಗೆಮನೆಯಲ್ಲಿ ಆಡುವ ಮಾತಿನ ಅರ್ಧ ಸಂಪತ್ತೂ ಸಿಕ್ಕಿರುವುದಿಲ್ಲ.

ಹಟವೂ ಕೇಳುವ ಒಂದು ಬಗೆಯೇ. ಅಂಗಡಿ ಮುಂದೆ ಚಿಪ್ಸಿಗಾಗಿ ಉರುಳಾಡುತ್ತಾನೆ. ಕೊಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡುತ್ತೀರಿ. ಕಿರುಚುವುದು ಕಡಿಮೆಯಾಗುವ ಬದಲು ಎರಡು ಪಟ್ಟಾಗುತ್ತದೆ, ಜನ ನೋಡುತ್ತಾರೆ, ಕೊಟ್ಟುಬಿಡುತ್ತೀರಿ. ಇಲ್ಲಿ ನಡೆದದ್ದೇನು? ಕಿರುಚಾಟ ಇಳಿಯುವ ಮುಂಚೆ ಏರುವುದು ಸಹಜ. ಏರಿದ ತುದಿಯಲ್ಲಿ ಕೊಟ್ಟಿದ್ದರಿಂದ, ಸಣ್ಣದಾಗಿ ಕಿರುಚಿದರೆ ಸಾಲದು, ಇಷ್ಟು ಜೋರಾಗಿ ಕಿರುಚಬೇಕು ಎಂಬ ಪಾಠವಾಯಿತು. ಕೊನೆಯವರೆಗೂ ಕೊಡದಿರುವ ಶಕ್ತಿ ಅವತ್ತು ನಿಮಗಿಲ್ಲದಿದ್ದರೆ ಮೊದಲ ‘ಹ್ಞಾ’ಕ್ಕೇ ಕೊಟ್ಟುಬಿಡಿ, ಅಥವಾ ಆ ಅಂಗಡಿಯ ದಾರಿ ಹಿಡಿಯಬೇಡಿ. ಮನೆಯಲ್ಲಿ ಒಂದು ವಾರ ಮೂರು ಸಂಗತಿ ಬರೆಯಿರಿ: ಹಟಕ್ಕೆ ಮುಂಚೆ ಏನಾಗಿತ್ತು, ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಕಾರಣ ಹೆಚ್ಚಾಗಿ ಮೂರನೆಯ ಸಾಲಿನಲ್ಲಿ ಕಾಣುತ್ತದೆ. ಆದರೆ ಹಿಂದೆ ಇಲ್ಲದಿದ್ದ ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ದಿಢೀರನೆ ಶುರುವಾದರೆ ಬರೆಯುತ್ತಾ ಕೂರಬೇಡಿ. ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿ. ನೋವನ್ನು ಹೇಳಲಾಗದ ಮಗುವಿಗೆ ಅದೊಂದೇ ದಾರಿ.

ಅಕ್ಷರ ಮತ್ತು ಎಣಿಕೆ

ಓದು ಬರಹ ಬೇಡ ಎಂದು ನಾನು ಹೇಳುತ್ತಿಲ್ಲ. ಅಆಇಈ ಕ್ರಮದಲ್ಲೇ ಆಗಬೇಕೆಂಬ ಹಟ ಬೇಡ. ನಮ್ಮ ಒಂದನೇ ತರಗತಿಯಲ್ಲಿ ‘ರ ಗ ಸ ದ ಅ’ ಕ್ರಮ ಬಂದದ್ದೇ ಅಕ್ಷರಗಳ ಆಕಾರ ಸರಳವಾಗಿರುವುದಕ್ಕೆ ಮತ್ತು ಕೂಡಲೇ ಪದ ಕಟ್ಟಬಹುದು ಎಂಬುದಕ್ಕೆ: ಸರ, ಅರಸ, ಅಗಸ, ಗರಗಸ. ಈ ಮಕ್ಕಳಿಗೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ. ಅಕ್ಷರ ಬಿಡಿಸುವುದು ತೀರಾ ಕಷ್ಟವಾದ ಮಗುವಿಗೆ ಇಡೀ ಪದವನ್ನು ಚಿತ್ರದಂತೆ ಗುರುತಿಸಲು ಕಲಿಸಿ. ತನ್ನ ಹೆಸರು, ಊರಿನ ಬಸ್ಸಿನ ಬೋರ್ಡು, ‘ಅಪಾಯ’, ‘ಪುರುಷರು’, ‘ಮಹಿಳೆಯರು’. ಇವಿಷ್ಟು ಬಂದರೂ ಹೊರಗೆ ಓಡಾಡುವಾಗ ಕೆಲಸಕ್ಕೆ ಬರುತ್ತದೆ.

ಎಣಿಕೆಯಲ್ಲಿ ಎಲ್ಲರೂ ಮೋಸ ಹೋಗುತ್ತೇವೆ. ಒಂದರಿಂದ ನೂರು ಗಡಗಡ ಹೇಳುವ ಮಗುವಿನ ಎದುರು ಹತ್ತು ಹುಣಸೆಬೀಜ ಇಟ್ಟು ‘ಮೂರು ಕೊಡು’ ಎನ್ನಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಕೊಟ್ಟರೆ ಅದಕ್ಕೆ ಎಣಿಕೆ ಬಂದಿಲ್ಲ, ಹಾಡು ಬಂದಿದೆ. ಮೊದಲು ಒಂದು ಮತ್ತು ಎರಡರ ನಡುವೆ ವ್ಯತ್ಯಾಸ ಗೊತ್ತಾಗಲಿ, ಆಮೇಲೆ ಮೂರು. ಊಟಕ್ಕೆ ತಟ್ಟೆ ಹಾಕಿಸುವುದು ಇದಕ್ಕೆ ತಕ್ಕ ಪಾಠ: ಮನೆಯಲ್ಲಿ ನಾಲ್ಕು ಜನ, ನಾಲ್ಕು ತಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ಕೂಡುವ ಕಳೆಯುವ ಲೆಕ್ಕ ಬಾರದ ದೊಡ್ಡ ಮಕ್ಕಳಿಗೂ ಅಂಗಡಿ ವ್ಯವಹಾರ ಕಲಿಸಬಹುದು. ಪರ್ಸಿನಲ್ಲಿ ಬರೀ ಹತ್ತರ ನೋಟು ಇರಲಿ. ಅಂಗಡಿಯವರು ಇಪ್ಪತ್ತಮೂರು ಎಂದರೆ, ಇಪ್ಪತ್ತಕ್ಕೆ ಎರಡು, ಮೇಲೆ ಇನ್ನೊಂದು ಕೊಟ್ಟು ಚಿಲ್ಲರೆಗೆ ಕೈ ಚಾಚುವುದು. ಆಟದ ನೋಟು ಬೇಡ, ನಿಜವಾದ ನೋಟಿನಲ್ಲೇ ಕಲಿಸಿ; ಆಟದ ನೋಟಿನಿಂದ ನಿಜದ ನೋಟಿಗೆ ದಾಟುವುದೇ ಈ ಮಕ್ಕಳಿಗೆ ಮತ್ತೊಂದು ಪಾಠವಾಗಿಬಿಡುತ್ತದೆ.

ಶಾಲೆಯ ಮೆಟ್ಟಿಲಲ್ಲಿ

ಕಾನೂನು ಚುಟುಕಾಗಿ ಹೇಳುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಲಾಗಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ನೆರೆಹೊರೆಯ ಶಾಲೆಯಲ್ಲಾಗಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಾಗಲಿ. ಆಯ್ಕೆ ನಿಮ್ಮದು. ತೀವ್ರ ಅಥವಾ ಬಹುವಿಧ ವೈಕಲ್ಯ ಇರುವವರು ಗೃಹಾಧಾರಿತ ಶಿಕ್ಷಣ ಕೇಳಬಹುದು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅದನ್ನು ಸೇರಿಸಿದೆ. ‘ಇಂಥ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಜಗಳಕ್ಕೆ ನಿಲ್ಲಬೇಡಿ. ಲಿಖಿತ ಅರ್ಜಿ ಕೊಟ್ಟು, ಪ್ರತಿಗೆ ಸಹಿ ಸೀಲು ಹಾಕಿಸಿಕೊಳ್ಳಿ. ಸಹಿ ಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಈ ಮಕ್ಕಳಿಗಾಗಿಯೇ ನೇಮಕವಾದವರು. ಅವರನ್ನು ಜೂನ್‌ನಲ್ಲೇ ಕಾಣಿ. ಹಳ್ಳಿಯವರಿಗೆ ಮೊದಲ ಕೊಂಡಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಯುಡಿಐಡಿ ಕಾರ್ಡಿನ (ಅಂಗವೈಕಲ್ಯದ ಗುರುತಿನ ಚೀಟಿ) ಅರ್ಜಿಯನ್ನು ಅವರ ಮೂಲಕ ಹಾಕಿಸಬಹುದು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅವಧಿ ಇರುವ ಪ್ರಮಾಣಪತ್ರ ಕೊಡುತ್ತಾರೆ. ಮುಗಿಯುವ ತಾರೀಖು ನೋಡಿಕೊಳ್ಳಿ, ಪರೀಕ್ಷೆಯ ಹೊತ್ತಿಗೆ ಅವಧಿ ಮುಗಿದ ಕಾರ್ಡ್ ಹಿಡಿದು ಓಡಾಡುವವರು ಪ್ರತಿ ವರ್ಷ ಇರುತ್ತಾರೆ.

ಸೇರಿಸಿದ ಮೇಲೆ ನಿಮ್ಮ ಕೆಲಸ, ಗುರಿಯನ್ನು ಬರೆಸಿಕೊಳ್ಳುವುದು. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಶಿಕ್ಷಣ ಯೋಜನೆ ಇರಬೇಕು. ‘ಗಣಿತದಲ್ಲಿ ಸುಧಾರಣೆ ತರುವುದು’ ಎಂದು ಬರೆದ ಗುರಿಗೆ ಸಹಿ ಮಾಡಬೇಡಿ. ಸುಧಾರಿಸಿತೋ ಇಲ್ಲವೋ ಯಾರು ಹೇಳಬೇಕು? ‘ಎದುರಿಗಿಟ್ಟ ಹತ್ತು ಬೀಜಗಳಲ್ಲಿ ಮೂರು ಕೊಡು ಎಂದಾಗ, ಐದರಲ್ಲಿ ನಾಲ್ಕು ಸಲ, ಸಹಾಯವಿಲ್ಲದೆ, ಸತತ ಮೂರು ದಿನ ಸರಿಯಾಗಿ ಕೊಡುತ್ತಾಳೆ’, ಇದು ಗುರಿ. ಮೂರು ತಿಂಗಳಿಗೊಮ್ಮೆ ಕೂತು ನೋಡಿದಾಗ ಆಗಿದೆ, ಆಗಿಲ್ಲ ಎಂದು ಯಾರಾದರೂ ಹೇಳಬಹುದು. ಮನೆಯಲ್ಲಿ ಬಳಸುವ ಸಹಾಯದ ಅಳತೆಯನ್ನೂ ಅದರಲ್ಲೇ ಬರೆಸಿ. ಮನೆಯಲ್ಲಿ ತಾನೇ ಊಟ ಮಾಡುವ ಹುಡುಗಿಗೆ ಶಾಲೆಯಲ್ಲಿ ಬಿಸಿಯೂಟದ ಹೊತ್ತು ಉಳಿಸಲು ಯಾರೋ ತಿನ್ನಿಸುತ್ತಿರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಕೇಳದಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಎಸ್ಸೆಸ್ಸೆಲ್ಸಿ ಬರೆಯಬಲ್ಲ ಮಕ್ಕಳ ಪೋಷಕರು ಎಂಟನೇ ತರಗತಿಯಲ್ಲೇ ಯೋಚಿಸಿ. ಹೆಚ್ಚುವರಿ ಸಮಯ, ಬರಹಗಾರರ ಸಹಾಯ, ದ್ವಿತೀಯ ತೃತೀಯ ಭಾಷೆಯಿಂದ ವಿನಾಯಿತಿ, ಮೂರನ್ನೂ 2016ರ ಕಾಯ್ದೆ ಹೆಸರಿಸಿಯೇ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಬಾರದು. ಬರಹಗಾರರು ಸಿಕ್ಕ ಮಾತ್ರಕ್ಕೆ ಆಗಲಿಲ್ಲ: ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದೂ ಒಂದು ಕೌಶಲ, ಕನಿಷ್ಠ ಆರು ತಿಂಗಳ ಅಭ್ಯಾಸ ಬೇಕು. ಆರು ವಿಷಯ ಒಟ್ಟಿಗೆ ಭಾರವಾದರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಓಎಸ್ ಇದೆ. ಅಲ್ಲಿ ಐದು ವಿಷಯಗಳನ್ನು ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು.

ದೊಡ್ಡವರಾಗುವಾಗ

ಎಂಟು ಒಂಬತ್ತು ವರ್ಷಕ್ಕೇ ಮಗಳಿಗೆ ಪ್ಯಾಡ್ ಅಂಟಿಸುವುದನ್ನು ಕಲಿಸಲು ಶುರು ಮಾಡಿ, ಮೊದಲ ಮುಟ್ಟಿಗೆ ಕಾಯಬೇಡಿ. ಒಳಚಡ್ಡಿಯ ಮೇಲೆ ಪ್ಯಾಡಿನ ಆಕಾರವನ್ನು ಬಣ್ಣದ ದಾರದಲ್ಲಿ ಹೊಲಿದಿಟ್ಟರೆ ಎಲ್ಲಿ ಅಂಟಿಸಬೇಕೆಂದು ಕಾಣುತ್ತದೆ. ತಿಂಗಳಿಗೆ ಒಂದು ದಿನ ಅಭ್ಯಾಸಕ್ಕೆಂದೇ ಪ್ಯಾಡ್ ಹಾಕಿಕೊಂಡು ಓಡಾಡಲಿ, ಮೈಗೆ ಅದರ ಸ್ಪರ್ಶ ಹೊಸದಾಗಿ ಕಿರಿಕಿರಿ ಮಾಡಬಾರದು. ಗಂಡುಮಕ್ಕಳಿಗೆ ಬಾಗಿಲು ಹಾಕಿ ಬಟ್ಟೆ ಬದಲಿಸುವುದು ಹತ್ತರೊಳಗೆ ಬರಬೇಕು. ತಾಯಿಯೇ ಸ್ನಾನ ಮಾಡಿಸುತ್ತಿದ್ದರೆ ಆ ಹೊತ್ತಿಗೆ ತಂದೆಗೆ ವರ್ಗಾಯಿಸಿ, ಅಲ್ಲಿಂದ ಸಹಾಯ ಇಳಿಸುತ್ತಾ ಬನ್ನಿ. ಯಾರು ಬೇಕಾದರೂ ಮೈ ಮುಟ್ಟಬಹುದು ಎಂದು ಕಲಿತು ಬೆಳೆದ ಮಗುವಿಗೆ, ಕೆಟ್ಟ ಸ್ಪರ್ಶ ಯಾವುದೆಂದು ಆಮೇಲೆ ತಿಳಿಹೇಳುವುದು ಬಹಳ ಕಷ್ಟ.

ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಬಹುದೇ ಎಂದು ನಿಮ್ಮಲ್ಲೊಬ್ಬರಿಂದ ಪ್ರಶ್ನೆಯ ಚೀಟಿ ಬಂದಿದೆ. ಆಟಿಸಂಗೆ, ಸೆರೆಬ್ರಲ್ ಪಾಲ್ಸಿಗೆ ಅದನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಒಪ್ಪುವುದಿಲ್ಲ. ಹೊಲ ಮಾರಿ ಹೋಗಬೇಡಿ.

ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನಿಮ್ಮ ಮಗು ವಯಸ್ಕ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಪಾಲಕರನ್ನು (ಗಾರ್ಡಿಯನ್) ನೇಮಿಸುವ ಅವಕಾಶ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗಿನದು. ಅದಕ್ಕೆ ವಯಸ್ಸಿನ ಅಡ್ಡಿ ಇಲ್ಲ, ಇವತ್ತೇ ಮಾಡಿಸಬಹುದು, ಪ್ರತಿ ವರ್ಷ ನವೀಕರಿಸಬೇಕು.

ಇದರ ಜೊತೆಗೆ ಮನೆಯಲ್ಲೊಂದು ನೋಟುಬುಕ್ ಇರಲಿ, ನಾಳೆ ನಿಮ್ಮ ಬದಲು ಮಗುವನ್ನು ನೋಡಿಕೊಳ್ಳುವವರು ಓದಿ ತಿಳಿಯುವಂಥದ್ದು. ಹೊಟ್ಟೆ ನೋವಾದಾಗ ಏನು ಮಾಡುತ್ತಾನೆ, ಯಾವ ಸನ್ನೆಗೆ ಏನರ್ಥ, ಫಿಟ್ಸ್ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು; ಫಿಟ್ಸ್ ಐದು ನಿಮಿಷ ದಾಟಿದರೆ ಹೋಗಬೇಕಾದ ಆಸ್ಪತ್ರೆ. ಅದಕ್ಕಿಂತ ಮುಖ್ಯವಾಗಿ, ಸ್ನಾನ, ಊಟ, ಬಟ್ಟೆ, ಶೌಚ ಒಂದೊಂದರಲ್ಲೂ ಯಾವ ಹೆಜ್ಜೆ ಅವನೇ ಮಾಡುತ್ತಾನೆ, ಎಲ್ಲಿ ಮೊಣಕೈ ಮುಟ್ಟಿದರೆ ಸಾಕು, ಎಲ್ಲಿ ಪೂರ್ತಿ ಸಹಾಯ ಬೇಕು ಎಂದು ಬರೆದಿರಬೇಕು. ಹುಟ್ಟುಹಬ್ಬಕ್ಕೊಮ್ಮೆ ತಿದ್ದಿ, ತಾರೀಖು ಹಾಕಿ, ಒಂದು ಜೆರಾಕ್ಸ್ ಪ್ರತಿಯನ್ನು ಸೋದರಮಾವನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇಡಿ. ಬರೆಯಲು ಬಾರದವರು ಬಿಐಇಆರ್‌ಟಿ ಶಿಕ್ಷಕರ ಹತ್ತಿರ ಕೂತು ಹೇಳಿ ಬರೆಸಿಕೊಳ್ಳಿ.